ಗರ್ಭಿಣಿಯ ಉಪವಾಸ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಕಳಸದ ಸೀಮೆಯಲ್ಲಿ ಅದು ಮಳೆ ಇನ್ನೂ ಬಿಡದ ಕಾಲ. ಕಾಫಿ ತೋಟದ ನಡುವಿನ ಶ್ರಾವಕರ ಮನೆಯೊಂದರಲ್ಲಿ, ಮದುವೆಗೆ ಮೊದಲೇ 14 ವರ್ಷದ ಅನಂತನ ನೋಂಪಿಯನ್ನು ಹಿಡಿದ ಸೊಸೆಯೊಬ್ಬಳು ಈಗ ನಾಲ್ಕು ತಿಂಗಳ ಗರ್ಭಿಣಿಯೆಂದು ಭಾವಿಸಬಹುದು. ಚತುರ್ದಶಿಯ ಉಪವಾಸವನ್ನು ತಪ್ಪಿಸಬಾರದೆಂಬುದು ಅವಳ ಮನಸ್ಸು. "ಹಿಡಿದ ನೋಂಪಿಯನ್ನು ನಡುವೆ ಬಿಡಬಾರದಮ್ಮ, ಆದರೆ ನಿನ್ನ ಹೊಟ್ಟೆಯನ್ನು ನೋಡಿದರೆ ಉಪವಾಸವಿರು ಎನ್ನಲು ನನಗೆ ಬಾಯಿ ಬರುವುದಿಲ್ಲ" ಎನ್ನುತ್ತಾರೆ ಅತ್ತೆ. ಇಂತಹ ಧರ್ಮಸಂದೇಹಕ್ಕೆ ಆಗಮದಲ್ಲಿ ಉತ್ತರವುಂಟೆ?

ತತ್ತ್ವಾರ್ಥಸೂತ್ರವು ಜನ್ಮವನ್ನು ಸಮ್ಮೂರ್ಛನ, ಗರ್ಭ, ಉಪಪಾದವೆಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ತಾಯಿಯ ಉದರವನ್ನು ಸೇರಿದ ಜೀವವು ಆಹಾರ, ಶರೀರ, ಇಂದ್ರಿಯ, ಶ್ವಾಸೋಚ್ಛ್ವಾಸ, ಭಾಷೆ, ಮನಸ್ಸುಗಳೆಂಬ ಆರು ಪರ್ಯಾಪ್ತಿಗಳನ್ನು ಪಡೆಯತಕ್ಕದ್ದು. ಇವುಗಳಲ್ಲಿ ಮೊದಲನೆಯದು ಆಹಾರವೆಂಬುದು ಗಮನಾರ್ಹ. ಕಣ್ಣು, ಉಸಿರು, ಮಾತುಗಳಿಗಿಂತ ಮೊದಲು ಆ ಜೀವವು ಬಯಸುವುದು ಆಹಾರವನ್ನೇ.

ಶರೀರಶಾಸ್ತ್ರವೂ ಇದನ್ನೇ ಬೇರೊಂದು ಬಗೆಯಲ್ಲಿ ಹೇಳುತ್ತದೆ. ಅಂಡಾಶಯದಿಂದ ಹೊರಬಂದ ಅಂಡವು ಸುಮಾರು ಒಂದು ದಿನ ಮಾತ್ರ ಫಲಿಸಲು ಯೋಗ್ಯವಾಗಿರುತ್ತದೆ. ಗರ್ಭನಾಳದಲ್ಲಿ ವೀರ್ಯಾಣುವಿನೊಡನೆ ಕೂಡಿದ ಅದು ಎರಡಾಗಿ, ನಾಲ್ಕಾಗಿ ಒಡೆಯುತ್ತ, 6ರಿಂದ 10 ದಿನಗಳಲ್ಲಿ ಗರ್ಭಕೋಶದ ಒಳಗೋಡೆಯಲ್ಲಿ ನೆಲೆಗೊಳ್ಳುತ್ತದೆ. ಸುಮಾರು 22ನೆಯ ದಿನಕ್ಕೆ ಹೃದಯ ಮಿಡಿಯತೊಡಗುತ್ತದೆ. 28ನೆಯ ದಿನದ ಹೊತ್ತಿಗೆ ಮಿದುಳು, ಬೆನ್ನುಹುರಿಗಳ ಮೂಲವಾದ ನಾಳವು ಮುಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿಯರೆಂಬುದೇ ತಿಳಿದಿರುವುದಿಲ್ಲ. ಮೊದಲ ವಾರಗಳಲ್ಲಿ ಗರ್ಭಕೋಶದ ಗ್ರಂಥಿಗಳ ರಸವೇ ಪಿಂಡಕ್ಕೆ ಪೋಷಣೆ. ಮೂರನೆಯ ತಿಂಗಳ ಕೊನೆಯ ಹೊತ್ತಿಗೆ ಆ ಹೊಣೆ ಮಾಸಿನದು. ತಾಯಿಯ ರಕ್ತವೂ ಶಿಶುವಿನ ರಕ್ತವೂ ಒಂದರೊಡನೊಂದು ಬೆರೆಯುವುದಿಲ್ಲ. ನಡುವಿನ ತೆಳುಪೊರೆಯ ಮೂಲಕ ಸಕ್ಕರೆ, ಆಮ್ಲಜನಕ, ಕಬ್ಬಿಣ, ನೀರು ಶಿಶುವನ್ನು ಸೇರುತ್ತವೆ. ತಾಯಿ ಉಣ್ಣದಿದ್ದರೆ ಅದಕ್ಕೆ ಬೇರೆ ಅಡಿಗೆಮನೆಯಿಲ್ಲ.

ಗರ್ಭಿಣಿಯು ಹಸಿದಾಗ ರಕ್ತದ ಸಕ್ಕರೆಯು ಇತರರಿಗಿಂತ ಬೇಗ ಇಳಿಯುತ್ತದೆ. ಕೊಬ್ಬು ಕರಗಿ ಕೀಟೋನ್‌ಗಳೆಂಬ ವಸ್ತುಗಳು ಏರುತ್ತವೆ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಶ್ರಾವಿಕೆಗೆ ದಿನನಿತ್ಯದ ರಾತ್ರಿಯೇ 12 ಗಂಟೆಯ ಅನಶನ. ಉತ್ತಮ ಪ್ರೋಷಧೋಪವಾಸವಾದರೋ 16 ಪ್ರಹರ, ಅಂದರೆ 48 ಗಂಟೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಕಂಡುಬಂದಿತು. ಇಂತಹ ದೇಹಕ್ಕೆ ನೀರೂ ಇಲ್ಲದ ಉಪವಾಸವು ಎಷ್ಟು ಭಾರವೆಂಬುದನ್ನು ಹೇಳಬೇಕಾಗಿಲ್ಲ.

ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಆಶ್ರಿತ ಜೀವಿಗಳ ಅನ್ನನೀರನ್ನು ತಡೆಯುವುದು. ಕಟ್ಟಿದ ಕರುವಿಗೆ ಹುಲ್ಲು ಹಾಕದಿರುವುದು ದೋಷವೆಂದು ಎಲ್ಲರೂ ಬಲ್ಲರು. ಗರ್ಭಸ್ಥ ಶಿಶುವಿಗಿಂತ ಹೆಚ್ಚು ಆಶ್ರಿತವಾದ ಜೀವಿ ಯಾವುದು? ನೋಂಪಿಯ ಸಂಕಲ್ಪವನ್ನು ಮಾಡಿದವಳು ತಾಯಿ, ಶಿಶು ಮಾಡಿಲ್ಲ. ಒಬ್ಬರ ವ್ರತದ ಹಸಿವನ್ನು ಮತ್ತೊಬ್ಬರು ಹೊರುವಂತಾದರೆ ಅದು ತಪಸ್ಸಾಗಲಾರದು.

ಶಿಶುವಿನ ಸುಖದುಃಖಗಳು ಅದರದೇ ಕರ್ಮಫಲವಲ್ಲವೆ ಎಂದು ಕೆಲವರು ಕೇಳಬಹುದು. ಕರ್ಮೋದಯವು ಅದರದೇ ಆದರೂ, ನಿಮಿತ್ತವಾದವರ ಹೊಣೆ ತಪ್ಪುವುದಿಲ್ಲ; ತಪ್ಪುವಂತಿದ್ದರೆ ಅತಿಚಾರಗಳನ್ನು ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ತಾಯಿಯ ಭಾವ ಶುದ್ಧವಲ್ಲವೆ ಎಂಬುದು ಇನ್ನೊಂದು ಪ್ರಶ್ನೆ. ಹಿಂಸೆಯ ಮೂಲವು ಪ್ರಮಾದ. ಗರ್ಭ ನಿಂತುದನ್ನರಿಯದೆ ಉಪವಾಸ ಮಾಡಿದವಳಲ್ಲಿ ಪ್ರಮಾದವಿಲ್ಲ, ಅವಳು ಮರುಗಬೇಕಾಗಿಲ್ಲ. ಆದರೆ ತಿಳಿದ ಮೇಲೂ ಲಕ್ಷಿಸದಿರುವುದು ಪ್ರಮಾದವೇ.

ಕಳಸವು ಭೈರರಸರು ಆಳಿದ ನಾಡು. ಆ ವಂಶದ ವೀರಪಾಂಡ್ಯನು 1432ರಲ್ಲಿ ಕಾರ್ಕಳದಲ್ಲಿ ಬಾಹುಬಲಿ ಸ್ವಾಮಿಯ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಬಳ್ಳಿಗಳು ಮೈಯನ್ನು ಸುತ್ತಿದರೂ ಅಲುಗದೆ ಒಂದು ವರ್ಷ ನಿಂತ ಆ ಮಹಾಮುನಿಯ ತಪಸ್ಸು ಎಲ್ಲರಿಗೂ ಆದರ್ಶ. ಆದರೆ ಅವರು ರಾಜ್ಯವನ್ನೂ ಪರಿವಾರವನ್ನೂ ತೊರೆದು ನಿಂತವರು. ಅವರ ಊಟವನ್ನು ಕಾದು ಕುಳಿತ ಆಶ್ರಿತರಿರಲಿಲ್ಲ. ಗರ್ಭಿಣಿಯ ಸ್ಥಿತಿ ಹಾಗಲ್ಲ. ಷೋಡಶಕಾರಣ ಭಾವನೆಗಳಲ್ಲಿಯೂ ತಪಸ್ಸನ್ನು ಶಕ್ತಿಗನುಸಾರವಾಗಿಯೇ ವಿಧಿಸಿದೆ. ಆ ಶಕ್ತಿಯನ್ನಳೆಯುವಾಗ ತಾಯಿಯ ದೇಹವನ್ನೂ ಎಣಿಸಬೇಕು. ಅವಳು ಶಿಶುವನ್ನು ಹೊತ್ತ ಪಾತ್ರೆ ಮಾತ್ರವಲ್ಲ.

ಹಾಗಾದರೆ ನೋಂಪಿ ಮುರಿಯಿತೆ? ಇಲ್ಲ. ಅನಶನವು ಹನ್ನೆರಡು ತಪಗಳಲ್ಲಿ ಒಂದು ಮಾತ್ರ. ಸ್ವಾಧ್ಯಾಯ, ವಿನಯ, ಧ್ಯಾನಗಳ ಬಾಗಿಲು ಗರ್ಭಿಣಿಗೆ ತೆರೆದೇ ಇದೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗರ್ಭದ ಮೂರು, ಐದು, ಏಳು, ಒಂಬತ್ತನೆಯ ತಿಂಗಳುಗಳಿಗೆ ಪ್ರೀತಿ, ಸುಪ್ರೀತಿ, ಧೃತಿ, ಮೋದಗಳೆಂಬ ಕ್ರಿಯೆಗಳನ್ನು ಹೇಳಿದೆ. ಆ ಹೆಸರುಗಳೆಲ್ಲ ಸಂತೋಷವನ್ನೂ ಧೈರ್ಯವನ್ನೂ ಸೂಚಿಸುತ್ತವೆ. ಬಿಟ್ಟ ಉಪವಾಸವನ್ನು ಗುರುಗಳ ಅನುಮತಿ ಪಡೆದು, ಮಗು ಮೊಲೆಹಾಲು ಬಿಟ್ಟ ಮೇಲೆ ಮುಂದುವರಿಸಿ ಉದ್ಯಾಪನೆ ಮಾಡಬಹುದು.

ಚತುರ್ದಶಿಯಂದು ಅತ್ತೆಯವರು ತಾವು ಉಪವಾಸವಿದ್ದು, ಸೊಸೆಗೆ ಹೊತ್ತಿರುವಾಗಲೇ ಬಿಸಿಯನ್ನ, ಹೆಸರುಬೇಳೆಯ ತೊವ್ವೆ, ತುಪ್ಪವನ್ನು ಬಡಿಸಲಿ. ಆ ಬಡಿಸುವಿಕೆ ವೈಯಾವೃತ್ತ್ಯ, ಉಣ್ಣುವುದು ಜೀವದಯೆ. ಆ ಮನೆಯಲ್ಲಿ ನೋಂಪಿ ಪೂರ್ಣವಾಗಿಯೇ ನಡೆಯಿತೆಂದು ತಿಳಿಯತಕ್ಕದ್ದು.