ಹಿಟ್ಟಿನ ಡಬ್ಬಿಯೂ ಉಪವಾಸವ್ರತವೂ

ಉಪವಾಸವೆಂದರೆ ಆಹಾರವನ್ನು ಬಿಡುವುದು ಎಂದಷ್ಟೇ ತಿಳಿದವರು ಹಲವರು. ಚತುರ್ವಿಧ ಆಹಾರತ್ಯಾಗವು ಉಪವಾಸದ ಶರೀರ. ಅದರ ಪ್ರಾಣವು ಬೇರೆಯೇ ಇದೆ. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರೋಷಧೋಪವಾಸ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ. ನೋಡದೆ, ಒರೆಸದೆ ಮಲಮೂತ್ರಾದಿಗಳನ್ನು ವಿಸರ್ಜಿಸುವುದು, ನೋಡದೆ, ಒರೆಸದೆ ವಸ್ತುಗಳನ್ನು ಎತ್ತಿಕೊಳ್ಳುವುದು, ನೋಡದೆ, ಒರೆಸದೆ ಹಾಸಿಗೆ ಹಾಸುವುದು, ವ್ರತದಲ್ಲಿ ಅನಾದರ, ವ್ರತವಿಧಿಯ ವಿಸ್ಮರಣೆ. ಈ ಐದರಲ್ಲಿ ಹಸಿವಿನ ಮಾತು ಒಂದೆಡೆಯೂ ಬಂದಿಲ್ಲ. ಮೊದಲ ಮೂರಕ್ಕೂ ಮೂಲವು ನೋಡದಿರುವುದೇ ಆಗಿದೆ. ಉಪವಾಸಿಯ ಹೊಟ್ಟೆ ಬರಿದಾಗಿದ್ದರೆ ಸಾಲದು, ಕಣ್ಣು ತೆರೆದಿರಬೇಕು ಎಂಬುದೇ ಇದರ ತಾತ್ಪರ್ಯ.

ಈ ಮಾತನ್ನು ಅಡಿಗೆಮನೆಗೆ ತಂದು ನೋಡಲು ಒಂದು ದೃಷ್ಟಾಂತವುಂಟು.

ಒಂದು ಗ್ರಾಮದಲ್ಲಿ ಒಬ್ಬ ಶ್ರಾವಿಕೆಯಿದ್ದಳು. ದಶಲಕ್ಷಣ ಪರ್ವದ ಹತ್ತು ದಿನವೂ ಉಪವಾಸ ಮಾಡುವ ಸಂಕಲ್ಪ ಆಕೆಯದು. ಪರ್ವಕಾಲದಲ್ಲಿ ಗಿರಣಿಗೆ ಹೋಗುವ ತೊಂದರೆ ಬೇಡವೆಂದು ಭಾದ್ರಪದ ಶುದ್ಧ ತದಿಗೆಯಂದೇ ಮನೆಯವರು ಬೇಕಾದಷ್ಟು ಗೋಧಿಯನ್ನು ಬೀಸಿಸಿ ತಂದು ದೊಡ್ಡ ಡಬ್ಬಿಗೆ ಸುರಿದರು. ಡಬ್ಬಿಯ ತಳದಲ್ಲಿ ಆಷಾಢದ ಹಿಟ್ಟು ನಾಲ್ಕು ಬೆರಳಿನಷ್ಟು ಉಳಿದಿತ್ತು, ಯಾರೂ ನೋಡಲಿಲ್ಲ. ಹತ್ತು ದಿನ ಪೂಜೆ, ಸ್ವಾಧ್ಯಾಯ, ಸಾಮಾಯಿಕಗಳು ಕುಂದಿಲ್ಲದೆ ನಡೆದವು. ಹುಣ್ಣಿಮೆಯ ಬೆಳಿಗ್ಗೆ ಪಾರಣೆಗೆಂದು ಸೊಸೆಯು ಡಬ್ಬಿಯ ಮುಚ್ಚಳ ತೆಗೆದಾಗ ಹಿಟ್ಟಿನ ಮೇಲೆ ಕೆಂಗಂದು ಬಣ್ಣದ ಹುಳುಗಳು ಹರಿದಾಡುತ್ತಿದ್ದವು.

ಸೊಸೆ ಸಮಾಧಾನದಿಂದಲೇ ಹೇಳಿದಳು: “ಅತ್ತೆ, ಸಣ್ಣ ಸಾಣಿಗೆಯಲ್ಲಿ ಸಾಣಿಸಿದರೆ ಹುಳು ಹೋಗುತ್ತದೆ.”

“ಹೋಗುತ್ತದೆ, ತಾಯಿ. ಎಲ್ಲಿಗೆ ಹೋಗುತ್ತದೆ?” ಎಂದಳು ಅತ್ತೆ.

ಸೊಸೆಗೆ ಉತ್ತರ ತೋಚಲಿಲ್ಲ. ಅಂಗಳಕ್ಕೆ ಚೆಲ್ಲಿದರೆ ಇರುವೆಗಳಿವೆ, ಕೋಳಿಗಳಿವೆ. ಬಚ್ಚಲಿಗೆ ಹಾಕಿದರೆ ನೀರಿದೆ. ಬಿಸಿಲಿಗೆ ಹರಡಿದರೆ ಬೇಗೆಯಿದೆ. ಒಲೆಯ ಮಾತಂತೂ ಆಡುವಂತಿಲ್ಲ. ಹತ್ತು ದಿನ ಒಂದು ಜೀವಿಯನ್ನೂ ನೋಯಿಸಬಾರದೆಂದು ನಡೆನುಡಿಯಲ್ಲಿ ಎಚ್ಚರವಾಗಿದ್ದ ಮನೆಯಲ್ಲಿ, ಒಂದು ಮುಚ್ಚಳದ ಕೆಳಗೆ, ಸಾವಿಗೆ ಗುರಿಯಾಗಲೆಂದೇ ಎಂಬಂತೆ ನೂರಾರು ಜೀವಿಗಳು ಬೆಳೆದಿದ್ದವು. ಆ ದಿನ ಪಾರಣೆಯು ಗಂಜಿಯಿಂದ ನಡೆಯಿತು; ಆದರೆ ಅತ್ತೆಯ ಪ್ರಶ್ನೆ ಮನೆಯಲ್ಲಿಯೇ ಉಳಿಯಿತು.

ಹುಳುವನ್ನು ಕೊಲ್ಲದಿರುವುದು ಅಹಿಂಸೆಯ ಎರಡನೆಯ ಮೆಟ್ಟಿಲು. ಸಾಯುವ ಸ್ಥಳದಲ್ಲಿ ಅದು ಹುಟ್ಟದಂತೆ ನೋಡಿಕೊಳ್ಳುವುದು ಮೊದಲನೆಯ ಮೆಟ್ಟಿಲು. ಮೊದಲನೆಯದನ್ನು ತಪ್ಪಿದವನಿಗೆ ಎರಡನೆಯದರಲ್ಲಿ ನಿರ್ದೋಷವಾದ ದಾರಿಯೇ ಉಳಿಯುವುದಿಲ್ಲ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಜೀವವು ಸಾಯಲಿ, ಸಾಯದಿರಲಿ, ಪ್ರಮಾದವಿದ್ದಲ್ಲಿ ಹಿಂಸೆಯು ಮುಂದಾಗಿಯೇ ಓಡುತ್ತದೆ ಎಂಬ ಅರ್ಥದಲ್ಲಿ ಬೋಧಿಸಿರುವುದು ಇದನ್ನೇ. ಹುಣ್ಣಿಮೆಯಂದು ಕಣ್ಣಿಗೆ ಬಿದ್ದ ದೋಷವು ಹುಟ್ಟಿದ್ದು ತದಿಗೆಯಂದು, ತಳ ನೋಡದೆ ಹಿಟ್ಟು ಸುರಿದ ಗಳಿಗೆಯಲ್ಲಿ.

ಪೂರ್ವಿಕರು ಹಿಟ್ಟಿಗೆ ಮರ್ಯಾದೆಯನ್ನು ಗೊತ್ತುಮಾಡಿದ್ದು ಈ ಕಾರಣದಿಂದ. ಬೀಸಿದ ದಿನದಿಂದ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ. ಇದು ದಿಗಂಬರ ಶ್ರಾವಕಾಚಾರ ಪರಂಪರೆಯಲ್ಲಿ ನಡೆದುಬಂದ ನಿಯಮ. ಅದರೊಳಗಾಗಿಯೇ ರುಚಿ, ವಾಸನೆ ಕೆಟ್ಟರೆ ಅಥವಾ ಜೀವ ಕಂಡರೆ ಮರ್ಯಾದೆಯು ಅಲ್ಲಿಗೇ ಮುಗಿಯಿತು. ತೇವ ಹೆಚ್ಚಿದ ಕಾಲಕ್ಕೆ ದಿನ ಕಡಿಮೆ, ಚಳಿಗೆ ದಿನ ಹೆಚ್ಚು ಎಂಬ ಈ ಕ್ರಮದಲ್ಲಿ ಸೂಕ್ಷ್ಮವಾದ ಅವಲೋಕನವಿದೆ.

ಆಗಮಪರಂಪರೆಯು ಇಂತಹ ಜೀವಿಗಳ ಜನ್ಮವನ್ನು ಸಮ್ಮೂರ್ಛನವೆಂದು ಹೇಳಿ, ಇರುವೆಯಂತೆ ಸ್ಪರ್ಶನ, ರಸನ, ಘ್ರಾಣಗಳುಳ್ಳ ತ್ರೀಂದ್ರಿಯಗಳ ಸಾಲಿನಲ್ಲಿ ಎಣಿಸುತ್ತದೆ. ಕೀಟಶಾಸ್ತ್ರಜ್ಞರು ಅವು ಮೊಟ್ಟೆಯಿಂದ ಹೊರಬರುವುದನ್ನು ಕಂಡು ವಿವರಿಸಿದ್ದಾರೆ. ಹಿಟ್ಟಿನ ಕೆಂಪು ಹುಳುವಿನ ಉದ್ದ ಮೂರು ನಾಲ್ಕು ಮಿಲಿಮೀಟರ್. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ನೂರಾರು ಮೊಟ್ಟೆಗಳನ್ನಿಡುತ್ತದೆ. ಮೊಟ್ಟೆಯ ಮೇಲಿನ ಅಂಟಿಗೆ ಹಿಟ್ಟಿನ ಕಣಗಳು ಮೆತ್ತಿಕೊಳ್ಳುವುದರಿಂದ ಅದು ಕಣ್ಣಿಗೆ ಹಿಟ್ಟಾಗಿಯೇ ತೋರುತ್ತದೆ. ಬೆಚ್ಚನೆಯ ಹವೆಯಲ್ಲಿ ಮೂರರಿಂದ ಐದು ದಿನಗಳಲ್ಲಿ ಮೊಟ್ಟೆಯೊಡೆದು ಮರಿಯು ಹೊರಬರುತ್ತದೆ. ಸುಮಾರು ಒಂದು ತಿಂಗಳಿನಲ್ಲಿ ಅದು ಬೆಳೆದ ಹುಳುವಾಗುತ್ತದೆ. ಕಾಳನ್ನು ಕೊರೆಯುವ ಸೊಂಡಿಲು ಹುಳುವಿನ ರೀತಿ ಇನ್ನೂ ಗೂಢವಾದುದು. ಅದು ಕಾಳಿಗೆ ರಂಧ್ರ ಕೊರೆದು ಒಳಗೆ ಮೊಟ್ಟೆಯಿಟ್ಟು ಬಾಯಿ ಮುಚ್ಚುತ್ತದೆ; ಹೊರಗಿನಿಂದ ಕಾಳು ಇಡಿಯಾಗಿ ಕಾಣುತ್ತದೆ. ಜನ್ಮದ ಬಗೆಯನ್ನು ಎರಡು ಶಾಸ್ತ್ರಗಳು ಎರಡು ರೀತಿಯಲ್ಲಿ ಹೇಳಿದರೂ ಶ್ರಾವಕನ ಕರ್ತವ್ಯವು ಬೇರೆಯಾಗುವುದಿಲ್ಲ. ತೇವ, ಬಿಸುಪು, ಬಹುಕಾಲದ ಸಂಗ್ರಹ, ಈ ಮೂರು ಕೂಡಿದಲ್ಲಿ ಜೀವೋತ್ಪತ್ತಿಯಾಗುತ್ತದೆ. ಆ ಮೂರನ್ನು ಕೂಡಗೊಡದಿರುವುದೇ ಯತ್ನಾಚಾರ.

ಯತ್ನಾಚಾರದ ವಿಧಿಯು ಕಾಳಿನಿಂದಲೇ ಆರಂಭವಾಗತಕ್ಕದ್ದು. ಸುಗ್ಗಿಯಲ್ಲಿ ಜೀವರಹಿತವಾದ ಹೊಸ ಕಾಳನ್ನು, ಹಲ್ಲಿನಿಂದ ಕಚ್ಚಿದರೆ ಕಟ್ಟೆಂದು ಮುರಿಯುವಷ್ಟು ಬಿಸಿಲಿನಲ್ಲಿ ಒಣಗಿಸಿ, ಆರಿದ ಬಳಿಕ ತುಂಬಬೇಕು. ನಡುನಡುವೆ ನೆರಳಲ್ಲಿ ಒಣಗಿಸಿದ ಬೇವಿನ ಎಲೆಗಳನ್ನು ಹರಡಬೇಕು. ಒಮ್ಮೆ ಹುಳು ಬಿದ್ದ ಕಾಳನ್ನು ಮಾತ್ರ ಬಿಸಿಲಿಗೆ ಹಾಕಲಾಗದು. ಅದನ್ನು ನೆರಳಿನಲ್ಲಿ ತೆಳ್ಳಗೆ ಹರಡಿದರೆ ಓಡಾಡುವ ಜೀವಿಗಳು ತಾವಾಗಿ ಸರಿದುಹೋಗಲು ಎಡೆಯಾಗುತ್ತದೆ. ಕಾಳಿನೊಳಗೆ ಅಡಗಿರುವವು ಹೊರಬರಲಾರವಾದ್ದರಿಂದ ಕೊರೆದ ಕಾಳನ್ನು ಬೀಸುವಂತಿಲ್ಲ. ಬೀಸುವ ಮುನ್ನ ಹಗಲಿನ ಬೆಳಕಿನಲ್ಲಿ ಮೊರದಲ್ಲಿ ಕೇರಿ ಆರಿಸಬೇಕು. ಬೀಸುಕಲ್ಲಾಗಲಿ ಮನೆಯ ವಿದ್ಯುತ್ ಯಂತ್ರವಾಗಲಿ, ಮೊದಲೂ ಕೊನೆಗೂ ಮೃದುವಾದ ಕುಂಚದಿಂದ ಒರೆಸತಕ್ಕದ್ದು. ಗೃಹಸ್ಥನ ಮನೆಯಲ್ಲಿ ಹಿಂಸೆಗೆ ಎಡೆಯಾಗುವ ಪಂಚಸೂನೆಗಳಲ್ಲಿ ಒನಕೆ, ಒಲೆ, ನೀರಿನ ಕೊಡ, ಪೊರಕೆಗಳೊಡನೆ ಬೀಸುಕಲ್ಲೂ ಸೇರಿರುವುದನ್ನು ಮರೆಯಲಾಗದು. ಊರ ಗಿರಣಿಯಲ್ಲಾದರೆ ಹಿಂದಿನವರ ಹಿಟ್ಟು ಯಂತ್ರದಲ್ಲಿ ಉಳಿದಿರುತ್ತದೆ. ಆದುದರಿಂದ ಮೊದಲು ಬೀಳುವ ಹಿಡಿ ಹಿಟ್ಟನ್ನು ಬೇರೆಯಾಗಿ ಇಡುವುದು ಲೇಸು.

ಡಬ್ಬಿಯು ಸಣ್ಣದಾಗಿರಲಿ, ಮುಚ್ಚಳ ಬಿಗಿಯಾಗಿರಲಿ. ಆದರೆ ಬಿಗಿಯಾದ ಮುಚ್ಚಳ ಹೊರಗಿನದನ್ನು ತಡೆಯುತ್ತದೆಯೇ ವಿನಾ ಒಳಗೆ ಆಗಲೇ ಇರುವುದನ್ನಲ್ಲ. ಹೊಸ ಹಿಟ್ಟು ಹಾಕುವ ಮುನ್ನ ಡಬ್ಬಿಯನ್ನು ಬರಿದುಮಾಡಿ, ಅಂಚನ್ನೂ ಮುಚ್ಚಳದ ಸಂದನ್ನೂ ನೋಡಿ, ತೊಳೆದು, ಪೂರ್ಣವಾಗಿ ಒಣಗಿಸಬೇಕು. ಹಳೆಯ ಹಿಟ್ಟಿನ ಮೇಲೆ ಹೊಸ ಹಿಟ್ಟನ್ನು ಎಂದಿಗೂ ಸುರಿಯಬಾರದು. ಒಲೆಯ ಆವಿ ತಗಲದ ಎಡೆಯಲ್ಲಿ ಡಬ್ಬಿಯನ್ನಿಟ್ಟು, ಬೀಸಿದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅಂಟಿಸುವುದು ಒಳ್ಳೆಯದು. ಅಂಗಡಿಯ ಪೊಟ್ಟಣದ ಹಿಟ್ಟಿಗೆ ಮರ್ಯಾದೆಯು ಬೀಸಿದ ದಿನದಿಂದ ನಡೆಯುತ್ತದೆ, ಪೊಟ್ಟಣ ಒಡೆದ ದಿನದಿಂದಲ್ಲ. ವ್ರತಿಯು ಅದನ್ನು ಬಳಸಲಾರದಿರುವುದು ಈ ಕಾರಣದಿಂದಲೇ.

ಹಿಟ್ಟನ್ನು ಕೆಲವು ದಿನ ಶೀತಪೆಟ್ಟಿಗೆಯ ಹಿಮಖಾನೆಯಲ್ಲಿಟ್ಟರೆ ಮೊಟ್ಟೆಗಳೂ ನಾಶವಾಗುತ್ತವೆ ಎಂಬ ಸಲಹೆಯು ಈಗ ಎಲ್ಲೆಡೆ ಕೇಳಿಬರುತ್ತದೆ. ಅದು ಲೌಕಿಕವಾಗಿ ಸತ್ಯವೇ. ಆದರೆ ಕೊಲ್ಲುವ ಉದ್ದೇಶದಿಂದ ಮಾಡಿದ್ದು ಸಂಕಲ್ಪೀ ಹಿಂಸೆ. ಅಣುವ್ರತಿಯು ತ್ಯಜಿಸಿರುವುದು ಅದನ್ನೇ. ಧಾನ್ಯದಲ್ಲಿ ವಿಷದ ಗುಳಿಗೆಗಳನ್ನಿಡುವುದು ಇನ್ನೂ ಘೋರವಾದುದು. ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಹೊರಡುವ ಅನಿಲವು ಮಲಗಿರುವ ಮನುಷ್ಯರ ಪ್ರಾಣವನ್ನೂ ತೆಗೆಯಬಲ್ಲದು.

ಇಷ್ಟು ಎಚ್ಚರವಿದ್ದೂ ಜೀವ ಕಂಡರೆ ಮಾಡಬೇಕಾದುದೇನು? ನೀರು ಸೋಸುವ ವಿಧಿಯಲ್ಲಿ ಇದಕ್ಕೆ ಉತ್ತರವಿದೆ. ಸೋಸಿದ ಬಟ್ಟೆಯಲ್ಲಿ ನಿಂತ ಜೀವಾಣಿಯನ್ನು ನೆಲಕ್ಕೆ ಚೆಲ್ಲದೆ, ಯಾವ ಬಾವಿಯ ನೀರೋ ಅದೇ ಬಾವಿಗೆ ಮೆಲ್ಲನೆ ಇಳಿಸುತ್ತಾರೆ. ನೀರಿನ ಜೀವಕ್ಕೆ ನೀರೇ ಆಶ್ರಯ. ಹಾಗೆಯೇ ಹಿಟ್ಟಿನ ಜೀವಕ್ಕೆ ಹಿಟ್ಟೇ ಆಶ್ರಯ. ಆ ಹಿಟ್ಟನ್ನು ಸಾಣಿಸದೆ, ಹುಳುಗಳೊಡನೆಯೇ ಮಣ್ಣಿನ ಪಾತ್ರೆಗೆ ಸುರಿದು, ತೆಳು ಬಟ್ಟೆ ಕಟ್ಟಿ, ಬಿಸಿಲು, ನೀರು, ಇರುವೆಗಳ ಸುಳಿವಿಲ್ಲದ ಮೂಲೆಯಲ್ಲಿ, ಅಡಿಗೆಮನೆಗೆ ದೂರವಾಗಿ ಇರಿಸತಕ್ಕದ್ದು. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅನ್ನಪಾನನಿರೋಧವೂ ಒಂದು. ಆಶ್ರಿತವಾದ ದನಕರುಗಳಿಗೆ ಮೇವು ನೀರು ತಡೆಯುವುದನ್ನು ಅಲ್ಲಿ ಮುಖ್ಯವಾಗಿ ಹೇಳಿದ್ದರೂ, ಅದರ ಹಿಂದಿರುವ ಕರುಣೆಯು ದನದ ಗಾತ್ರಕ್ಕೆ ನಿಲ್ಲುವುದಿಲ್ಲ.

ಈ ಎಲ್ಲ ವಿಧಿಗಳ ಕೆಳಗೆ ಇನ್ನೊಂದು ಮೂಲವಿದೆ. ಮೂರು ದಿನದ ಹಿಟ್ಟು ಸಾಕಾದ ಮನೆಯಲ್ಲಿ ತಿಂಗಳ ಹಿಟ್ಟು ಏಕೆ ಕೂಡುತ್ತದೆ? ನಾಳೆಯ ಶ್ರಮವನ್ನು ಇಂದೇ ತಪ್ಪಿಸಿಕೊಳ್ಳುವ ಆಸೆಯಿಂದ, ಸಿಗುವಾಗ ಕೂಡಿಡುವ ಲೋಭದಿಂದ. ಪರಿಗ್ರಹಪರಿಮಾಣವು ಹೊಲ, ಮನೆ, ಬಂಗಾರಗಳಿಗೆ ಮಾತ್ರವಲ್ಲ; ಡಬ್ಬಿಗೂ ಪರಿಮಾಣವುಂಟು. ಅಲ್ಪಸಂಗ್ರಹಿಯ ಮನೆಯಲ್ಲಿ ಹುಳುವಿಗೆ ಎಡೆಯಿಲ್ಲ, ಹಿಂಸೆಗೂ ಎಡೆಯಿಲ್ಲ.

ಮೇಲಿನ ದೃಷ್ಟಾಂತದ ಶ್ರಾವಿಕೆ ಹುಣ್ಣಿಮೆಯ ಮರುದಿನ, ಕ್ಷಮಾವಣಿಯಂದು, ಊರಿನ ಮನೆಮನೆಗೂ ಹೋಗಿ ಕ್ಷಮೆ ಬೇಡಿ ಬಂದಳು. ಸಂಜೆ ಹಿತ್ತಲ ಮೂಲೆಯಲ್ಲಿಟ್ಟ ಮಣ್ಣಿನ ಪಾತ್ರೆಯ ಮುಂದೆಯೂ ಕೈಮುಗಿದು ನಿಂತಳು. ಬಳಿಕ ಒಳಗೆ ಬಂದು ದೊಡ್ಡ ಡಬ್ಬಿಯನ್ನು ಅಟ್ಟಕ್ಕೆ ಹಾಕಿಸಿ, ಮೂರು ದಿನದ ಹಿಟ್ಟು ಹಿಡಿಯುವ ಸಣ್ಣ ಡಬ್ಬಿಯನ್ನು ತೊಳೆದು ಒಣಗಲು ಇಟ್ಟಳು. ಮನುಷ್ಯರಲ್ಲಿ ಕ್ಷಮೆಯನ್ನು ಮಾತಿನಿಂದ ಬೇಡಬಹುದು. ಮಾತು ತಿಳಿಯದ ಜೀವಿಗಳಲ್ಲಿ ಕ್ಷಮೆ ಬೇಡುವ ರೀತಿ, ತಪ್ಪನ್ನು ಮತ್ತೆ ಮಾಡದಿರುವುದೊಂದೇ.

ಸಕಲ ಜೀವಿಗಳಿಗೂ ಮಂಗಳವಾಗಲಿ.