ಗಿರಾಕಿಯ ಹೆಸರಿನ ಮುಂದಿನ ಕೆಂಪು ಗುರುತು

ವ್ಯಾಪಾರಿಯ ಬಳಿ ಎರಡು ಬಗೆಯ ಲೆಕ್ಕಗಳಿರುತ್ತವೆ. ಒಂದು ರೂಪಾಯಿ ಪೈಸೆಗಳದು, ಮತ್ತೊಂದು ಮನುಷ್ಯರದು. ಇಂಥವನಿಗೆ ಉದ್ರಿ ಕೊಡಬಹುದು, ಇಂಥವನಿಗೆ ಕೊಡಕೂಡದು ಎಂಬ ಎರಡನೆಯ ಲೆಕ್ಕ ಕಾಗದಕ್ಕೆ ಇಳಿಯುವುದು ವಿರಳ. ಅದು ದಿವಾಣಜಿಯ ನೆನಪಿನಲ್ಲಿಯೇ ಇರುತ್ತದೆ. ಇತ್ತೀಚೆಗೆ ಇದಕ್ಕೆ ಮೂರನೆಯದೊಂದು ಸೇರಿಕೊಂಡಿದೆ. ‘ಈ ಗಿರಾಕಿ ಕೈ ಮಾಡುವವನು, ಎಚ್ಚರ’ ಎಂಬ ಗುರುತು. ಕೊಲ್ಹಾಪುರದ ಔಷಧದ ಅಂಗಡಿಯಾಗಲಿ, ಇಚಲಕರಂಜಿಯ ನೂಲಿನ ಪೇಢಿಯಾಗಲಿ, ಗಡಹಿಂಗ್ಲಜದ ಕಿರಾಣಿ ಅಂಗಡಿಯಾಗಲಿ, ಕ್ಯಾಮೆರಾ ಹಿಡಿದ ಒಂದು ಮುಖ ಮೊಬೈಲಿನಿಂದ ಮೊಬೈಲಿಗೆ ಹಾರಿ ಅರ್ಧ ಗಂಟೆಯಲ್ಲಿ ಇಡೀ ಪೇಟೆಯನ್ನು ಸುತ್ತಬಲ್ಲದು. ಇದು ಧರ್ಮವೋ ಅಧರ್ಮವೋ ಎಂಬುದು ಶ್ರಾವಕನಾದ ವ್ಯಾಪಾರಿಯು ಆಲೋಚಿಸಲೇಬೇಕಾದ ವಿಷಯ.

ಮೊದಲು ಪೆಟ್ಟು ಬೀಳುವುದು ಯಾರಿಗೆಂದು ನೋಡಬೇಕು. ಮಾಲಕನು ಗಾಜಿನ ಆಚೆ, ಗಾದಿಯ ಮೇಲೆ ಕುಳಿತಿರುತ್ತಾನೆ. ಬಾಕಿಯ ತಗಾದೆಗೆ ಸೈಕಲ್ ಹತ್ತಿ ಹೋಗುವವನು ಇಪ್ಪತ್ತು ವರ್ಷದ ಹುಡುಗ. ಬಿಲ್ಲಿನ ಯಂತ್ರದ ಮುಂದೆ ಕುಳಿತವಳು ಯಾರದೋ ಮನೆಯ ಮಗಳು. ಕುಡಿದು ಬಂದವನೊಬ್ಬ ಆ ಹುಡುಗನ ಕೆನ್ನೆಗೆ ಹೊಡೆದಾಗ ಮಾಲಕನು ‘ಹೋಗಲಿ ಬಿಡಪ್ಪಾ, ಗಿರಾಕಿ ದೇವರಿದ್ದಂತೆ’ ಎಂದು ಸಮಾಧಾನ ಹೇಳಿದರೆ ಅದು ಕ್ಷಮೆಯೆನಿಸುವುದಿಲ್ಲ. ತನ್ನ ಕೆನ್ನೆಗೆ ಬಿದ್ದುದನ್ನು ಮಾತ್ರ ಒಬ್ಬನು ಕ್ಷಮಿಸಬಲ್ಲನು; ನೌಕರನ ಕೆನ್ನೆಗೆ ಬಿದ್ದುದನ್ನು ಮಾಲಕನು ಕ್ಷಮಿಸಿದರೆ ಅದರಲ್ಲಿ ವ್ಯಾಪಾರ ಕೆಡದಿರಲಿ ಎಂಬ ಲೋಭವೇ ಹೆಚ್ಚು. ನಮ್ಮ ಆಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ತ್ಯಜಿಸಬೇಕೆಂದರು. ಆಶ್ರಿತರ ರಕ್ಷಣೆಗಾಗಿ ತಡೆಗೆ ನಿಲ್ಲುವುದನ್ನು ಅವನಿಗೆ ನಿಷೇಧಿಸಲಿಲ್ಲ. ಆದುದರಿಂದ ಅಪಾಯವನ್ನು ಬಲ್ಲ ಮಾಲಕನು ಅದನ್ನು ನೌಕರನಿಗೆ ತಿಳಿಸದೆ ಮುಂದೆ ಕಳುಹಿಸುವುದು ದೊಡ್ಡ ದೋಷ. ಗುರುತು ಬೇಕು ಎನ್ನುವವರ ಮಾತಿನಲ್ಲಿ ಇಷ್ಟು ಸತ್ಯವಿದೆ.

ಆದರೆ ಗುರುತಿನ ಇನ್ನೊಂದು ಮುಖವನ್ನು ಈ ಭಾಗದ ಜನ ಬಹಳ ಹತ್ತಿರದಿಂದ ಕಂಡಿದ್ದಾರೆ. 1871ರಲ್ಲಿ ಬ್ರಿಟಿಷ್ ಸರಕಾರವು ಕ್ರಿಮಿನಲ್ ಟ್ರೈಬ್ಸ್ ಕಾಯದೆಯನ್ನು ತಂದು ಕೆಲವು ಜಾತಿಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿಯಲ್ಲಿ ಬರೆಯಿತು. ಪಟ್ಟಿಯಲ್ಲಿದ್ದವರು ಕದ್ದಿರಲಿ ಬಿಡಲಿ, ಅಧಿಕಾರಿಯ ಮುಂದೆ ಹಾಜರಿ ಕೊಡಬೇಕಾಗಿತ್ತು. ಕೂಲಿಯ ಹೊತ್ತು ಹಾಜರಿಗೆ ಹೋದರೆ ಹೊಟ್ಟೆಗೇನು? ಹೊಟ್ಟೆಗಿಲ್ಲದವನು ಕದ್ದರೆ ‘ನೋಡಿದಿರಾ, ಪಟ್ಟಿ ಸರಿಯಾಗಿಯೇ ಇತ್ತು’ ಎನ್ನುವುದು ಸುಲಭ. ಕೊಲ್ಹಾಪುರದ ರಾಜರ್ಷಿ ಶಾಹೂ ಮಹಾರಾಜರು 1918ರಲ್ಲಿ ತಮ್ಮ ಸಂಸ್ಥಾನದೊಳಗೆ ಈ ಹಾಜರಿಯನ್ನು ನಿಲ್ಲಿಸಿದರು. ಅಷ್ಟೇ ಅಲ್ಲ, ಕಳ್ಳರೆಂದು ಜಗತ್ತು ಹೆದರುತ್ತಿದ್ದ ಫಾಸೆಪಾರಧಿಗಳಿಗೆ ಕಾವಲಿನ ಕೆಲಸವನ್ನೇ ಕೊಟ್ಟರು. ದೇಶದ ಕಾಯದೆ ರದ್ದಾದುದು 1952ರ ಆಗಸ್ಟ್ 31ರಂದು. ಎಪ್ಪತ್ತು ವರ್ಷಗಳ ಮೇಲಾಯಿತು. ಆದರೂ ಆ ಜನರು ಅಂಗಡಿಯ ಮೆಟ್ಟಿಲೇರಿದರೆ ಎಷ್ಟು ಕಣ್ಣುಗಳು ಅವರ ಕೈಗಳ ಮೇಲೆಯೇ ಇರುತ್ತವೆಂಬುದನ್ನು ಪೇಟೆಯವರಿಗೆ ಹೇಳಬೇಕಾಗಿಲ್ಲ.

ಹಾಗಾದರೆ ಗುರುತು ಹಾಕುವುದು ಹೇಗೆ? ಸರಕಾರವೇ ಒಬ್ಬನನ್ನು ತಡೀಪಾರು ಮಾಡುವಾಗ ಸುಮ್ಮನೆ ಮಾಡುವಂತಿಲ್ಲ. 1951ರ ಮಹಾರಾಷ್ಟ್ರ ಪೋಲೀಸ್ ಕಾಯದೆಯ ಪ್ರಕಾರ ಆರೋಪದ ಸ್ವರೂಪವನ್ನು ಅವನಿಗೆ ಲಿಖಿತವಾಗಿ ತಿಳಿಸಿ ಅವನ ಹೇಳಿಕೆಯನ್ನು ಕೇಳಬೇಕು. ಅವಧಿ ಎರಡು ವರ್ಷ ಮೀರಕೂಡದು. ಮೂವತ್ತು ದಿನಗಳೊಳಗೆ ಅಪೀಲು ಮಾಡುವ ಹಕ್ಕು ಅವನಿಗಿದೆ. 2017ರ ಮಾರ್ಚ್‌ನಲ್ಲಿ ಮಹಾರಾಷ್ಟ್ರದ ಒಬ್ಬ ಲೋಕಸಭಾ ಸದಸ್ಯರು ವಿಮಾನದ ಸಿಬ್ಬಂದಿಯ ಮೇಲೆ ಕೈ ಮಾಡಿದ ಪ್ರಕರಣ ದೊಡ್ಡ ಸುದ್ದಿಯಾಗಿತ್ತು. ಅದೇ ಸಪ್ಟೆಂಬರದಲ್ಲಿ ವಿಮಾನಯಾನ ಇಲಾಖೆಯು ಹೊರಡಿಸಿದ ನಿಯಮಗಳಲ್ಲಿ ಬೈದವನಿಗೆ ಮೂರು ತಿಂಗಳವರೆಗೆ, ಹೊಡೆದವನಿಗೆ ಆರು ತಿಂಗಳವರೆಗೆ, ಪ್ರಾಣಕ್ಕೆ ಅಪಾಯ ತಂದವನಿಗೆ ಎರಡು ವರ್ಷ ಅಥವಾ ಹೆಚ್ಚು ಪ್ರಯಾಣಬಂದಿ ಎಂದು ಮೂರು ಹಂತಗಳನ್ನು ಮಾಡಲಾಯಿತು. ನಿವೃತ್ತ ಜಿಲ್ಲಾ ನ್ಯಾಯಾಧೀಶರ ಸಮಿತಿಯು ಅದನ್ನು ನಿರ್ಣಯಿಸಬೇಕೆಂದಾಯಿತು. ಬೈಗುಳ ಬೇರೆ, ಪೆಟ್ಟು ಬೇರೆ ಎಂಬ ವಿವೇಕ ಅಲ್ಲಿದೆ. ಪೇಟೆಯ ಮೊಬೈಲ್ ಗುಂಪಿನಲ್ಲಿ ಅದು ಇರುವುದಿಲ್ಲ. ಅಲ್ಲಿ ತೂಕ ಕಡಿಮೆಯಾಯಿತೆಂದು ಕೂಗಾಡಿದ ರೈತನೂ ಕತ್ತಿ ತೋರಿಸಿದ ಗೂಂಡಾನೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ರೈತನು ಕೂಗಿದ್ದು ಸರಿಯಾದ ಕಾರಣಕ್ಕೇ ಇದ್ದಿರಬಹುದು!

ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ ಎಂಬ ಎರಡನ್ನು ಹೇಳುತ್ತದೆ. ಒಬ್ಬರ ಗುಟ್ಟನ್ನು ಬಯಲಿಗೆಳೆಯುವುದು, ಸುಳ್ಳು ಲೇಖನ ಮಾಡುವುದು. ‘ಇವನು ಗೂಂಡಾ’ ಎಂದು ಬರೆದರೆ ಅದು ಲೇಖಕನ ಅಭಿಪ್ರಾಯ. ‘ಇಂಥ ತಾರೀಖು ಸಂಜೆ ಬಿಲ್ಲಿನ ವಾದದಲ್ಲಿ ಹುಡುಗನ ಕಾಲರು ಹಿಡಿದನು, ಇಬ್ಬರು ನೋಡಿದ್ದಾರೆ’ ಎಂದು ಬರೆದರೆ ಅದು ನಡೆದ ಸಂಗತಿ. ಆ ದಿನ ಬಿಲ್ಲಿನಲ್ಲಿ ಅಂಗಡಿಯವರದೇ ತಪ್ಪಿದ್ದರೆ ಅದನ್ನೂ ಅಲ್ಲಿಯೇ ಬರೆಯಬೇಕು. ಇದು ಹೆಚ್ಚಿನವರಿಗೆ ಕಹಿಯಾಗುವ ಮಾತು. ಇಂಥ ಬರಹವು ಕೌಂಟರಿನಲ್ಲಿ ನಿಲ್ಲುವವರಿಗೆ ತಿಳಿದಿದ್ದರೆ ಸಾಕು, ಊರಿಗೆ ಹಂಚುವ ಅವಶ್ಯಕತೆಯಿಲ್ಲ.

ಅಹಿಂಸಾಣುವ್ರತದ ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಊರಿನ ಎಲ್ಲ ಅಂಗಡಿಗಳೂ ಒಂದಾಗಿ ಒಬ್ಬನಿಗೆ ಬಾಗಿಲು ಮುಚ್ಚಿದರೆ ಅವನ ಮನೆಯ ಮಕ್ಕಳ ಗತಿಯೇನು? ಆಸ್ಪತ್ರೆಗಳ ವಿಷಯದಲ್ಲಿ ಈ ಭೇದ ಸ್ಪಷ್ಟವಾಗಿದೆ. ಮಹಾರಾಷ್ಟ್ರದಲ್ಲಿ 2010ರಿಂದ ವೈದ್ಯರು ಮತ್ತು ದಾದಿಯರ ಮೇಲೆ ಹಲ್ಲೆ ಮಾಡಿದವರಿಗೆ ಮೂರು ವರ್ಷಗಳವರೆಗೆ ಸಜೆ ವಿಧಿಸುವ ಕಾಯದೆಯಿದೆ. ಆದರೆ ತುರ್ತು ಸ್ಥಿತಿಯ ರೋಗಿಗೆ ಚಿಕಿತ್ಸೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1989ರಲ್ಲಿಯೇ ಹೇಳಿದೆ. ಕೂಗಾಡುವ ಸಂಬಂಧಿಕನನ್ನು ಹೊರಗೆ ನಿಲ್ಲಿಸಬಹುದು, ಮಂಚದ ಮೇಲಿರುವ ರೋಗಿಯನ್ನಲ್ಲ.

ಗುರುತಿಗಿಂತ ಮೊದಲೇ ಮಾಡಬಹುದಾದ ಕೆಲಸಗಳೂ ಕಡಿಮೆಯಿಲ್ಲ. ರಾತ್ರಿಯ ವಸೂಲಿಗೆ ಒಬ್ಬನನ್ನೇ ಕಳುಹಿಸದಿರುವುದು, ವಾರದ ಪಗಾರಿನ ದಿನ ಗಲ್ಲೆಯ ಬಳಿ ಇಬ್ಬರು ಇರುವುದು, ಜಗಳ ಬಂದಾಗ ಹಿಂದೆ ಸರಿದ ನೌಕರನ ಪಗಾರು ಮುರಿಯದಿರುವುದು. ಇವೆಲ್ಲ ಖರ್ಚಿನ ಮಾತುಗಳಾದ್ದರಿಂದಲೇ ಗುರುತು ಅಗ್ಗವಾಗಿ ಕಾಣುತ್ತದೆ.

ಉಳಿಯುವ ಕಠಿಣ ಪ್ರಶ್ನೆ ಹೆಸರನ್ನು ಅಳಿಸುವುದರದು. ಹೊಡೆದವನು ಆರು ತಿಂಗಳ ಮೇಲೆ ಬಂದು ಕೈ ಮುಗಿದು ತಪ್ಪಾಯಿತೆನ್ನುತ್ತಾನೆ. ಮಾಲಕನಿಗೆ ಕ್ಷಮಾವಾಣಿಯ ದಿನದ ನೆನಪಾಗಿ ಮನಸ್ಸು ಕರಗುತ್ತದೆ. ಆದರೆ ಪೆಟ್ಟು ತಿಂದ ಹುಡುಗನನ್ನು ಒಳಗೆ ಕರೆದು, ಗಿರಾಕಿ ಎದುರಿಗಿಲ್ಲದಾಗ ಕೇಳಬೇಕು. ಅವನು ‘ಆಗಲಿ ಧಣೇರ’ ಎಂದರೂ ಪಗಾರಿಗೆ ಹೆದರಿ ಅಂದನೋ ಎಂಬುದನ್ನು ಅವನ ಮುಖದಲ್ಲಿ ನೋಡಬೇಕು. ಅವನಿಗೆ ಮನಸ್ಸಿಲ್ಲದಿದ್ದರೆ, ಆ ಗಿರಾಕಿ ಬಂದಾಗಲೆಲ್ಲ ಮಾಲಕನೇ ಗಾದಿಯಿಂದ ಇಳಿದು ಬಂದು ತಕ್ಕಡಿ ಹಿಡಿಯಬಹುದು.