ಮಗಳಿಗೆ ಕೊಟ್ಟ ಮಾತು

ಮಗುವಿಗೆ ಸಮಾಧಾನ ಹೇಳುವಾಗ ಎಷ್ಟು ಸುಳ್ಳು ಹೇಳಬಹುದು? ಹಲ್ಲು ಕೀಳಿಸುವಾಗ ನೋಯುವುದಿಲ್ಲ ಎನ್ನುತ್ತೇವೆ. ಸತ್ತ ನಾಯಿಮರಿ ಅಜ್ಜಿಯ ಊರಿಗೆ ಹೋಗಿದೆ ಎನ್ನುತ್ತೇವೆ. ಇವನ್ನೆಲ್ಲ ಯಾರೂ ಪಾಪದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಅಂಥ ಮಾತನ್ನು ದೇವರ ಹೆಸರಿನಲ್ಲಿ ಹೇಳಿದರೆ? 2020ರಲ್ಲಿ ನಾನು ಮಾಡಿದ್ದು ಅದನ್ನೇ.

ಆ ವರ್ಷ ನನ್ನ ಮಗಳು ಎಸ್.ಎಸ್.ಎಲ್.ಸಿ. ತರಗತಿಯಲ್ಲಿದ್ದಳು. ಪರೀಕ್ಷೆ ಮಾರ್ಚ್ 27ಕ್ಕೆ ಆರಂಭವಾಗಬೇಕಾಗಿತ್ತು. ಅಷ್ಟರಲ್ಲಿ ಕೊರೋನಾ ಬಂತು. 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ನಾವು ಮೂವರು ಬೆಂಗಳೂರಿನ ನಮ್ಮ ಮನೆಯಲ್ಲಿ, ಊಟದ ಮೇಜಿನ ಮೇಲೆ ಮೊಬೈಲನ್ನು ನಿಲ್ಲಿಸಿಕೊಂಡು ಆಚರಿಸಿದೆವು. ಸಭಾಪಾಲಕರ ಹಾಡು ಕೆಲವೊಮ್ಮೆ ನಮಗಿಂತ ಒಂದು ಸಾಲು ಹಿಂದೆ ಬರುತ್ತಿತ್ತು. ಅಂಥ ಹೊತ್ತಿನಲ್ಲೂ ನಗು ಬಂದದ್ದು ನಿಜ. ರಾತ್ರಿಯಾದರೆ ಮಗಳದು ಒಂದೇ ಪ್ರಶ್ನೆ: “ಪ್ರಾರ್ಥನೆ ಮಾಡಿದರೆ ನಮಗೆ ಆ ರೋಗ ಬರುವುದಿಲ್ಲ, ಅಲ್ಲವೇನಪ್ಪ?” ವ್ಯಾಧಿಯಿಂದ ದೇವರು ಕಾಯುವನೆಂದು ಹೇಳುವ ತೊಂಬತ್ತೊಂದನೆಯ ಕೀರ್ತನೆಯನ್ನು ಓದಿ, “ಬರುವುದಿಲ್ಲ” ಎಂದೆ. ಅವಳಿಗೆ ನಿದ್ದೆ ಬಂತು. ನನಗೆ ಬರಲಿಲ್ಲ.

ಮುಂದಕ್ಕೆ ಹೋದ ಪರೀಕ್ಷೆ ಜೂನ್ 25ರಂದು ಆರಂಭವಾಯಿತು. ರಾಜ್ಯದಲ್ಲಿ ಎಂಟು ಲಕ್ಷ ಮೀರಿದ ಮಕ್ಕಳು. ಕಳಿಸಬೇಕೆ, ಬೇಡವೆ ಎಂಬ ತಳಮಳ ಎಷ್ಟು ಮನೆಗಳಲ್ಲಿ! ನಾನು ಕಳಿಸಿದೆ. ನಂಬಿಕೆಯಿಂದ ಕಳಿಸಿದೆನೆಂದು ಹೇಳಿಕೊಳ್ಳಲಾರೆ. ವರ್ಷ ಹಾಳಾದೀತೆಂಬ ಭಯ ರೋಗದ ಭಯವನ್ನು ಗೆದ್ದಿತು, ಅಷ್ಟೆ. ಶಾಲೆಯ ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿ ಒಳಕ್ಕೆ ಬಿಡುತ್ತಿದ್ದರು. ಹೊರಗೆ ನಿಂತ ತಂದೆತಾಯಿಯರಲ್ಲಿ ಜಪಸರ ಹಿಡಿದವರಿದ್ದರು, ಕುಂಕುಮಪ್ರಸಾದ ತಂದವರಿದ್ದರು. ಎಲ್ಲರ ಮುಖವೂ ಅರ್ಧ ಮುಚ್ಚಿತ್ತು. ತೆರೆದಿದ್ದ ಅರ್ಧದಲ್ಲಿ ಮತಭೇದವೇನೂ ಕಾಣಲಿಲ್ಲ.

ಪರೀಕ್ಷೆ ಮುಗಿದ ಕೆಲವೇ ವಾರಗಳಲ್ಲಿ ಮೇಷ್ಟ್ರು ತೀರಿಕೊಂಡರು. ಭಾನುವಾರದ ಶಾಲೆಯಲ್ಲಿ ನನ್ನ ಮಗಳಿಗೆ ಆ ಕೀರ್ತನೆಯನ್ನು ಬಾಯಿಪಾಠ ಮಾಡಿಸಿದ್ದವರು ಅವರೇ. ಮಣ್ಣಿಗೆ ಹೋಗಲು ನಮಗೆ ಅವಕಾಶವಿರಲಿಲ್ಲ. “ಮೇಷ್ಟ್ರು ಪ್ರಾರ್ಥನೆ ಮಾಡಿರಲಿಲ್ಲವೆ?” ಎಂದಳು ಮಗಳು. ಸಭೆಯ ಹಿರಿಯರೊಬ್ಬರು ಫೋನಿನಲ್ಲಿ, ಅವರ ನಂಬಿಕೆಯಲ್ಲೇ ಎಲ್ಲೋ ಕೊರತೆಯಿತ್ತೇನೋ ಎಂದರು. ನನಗೆ ಸಿಟ್ಟು ಬಂತು. ಆದರೆ ಯೋಚಿಸಿದರೆ, ನಾನು ಮಗಳಿಗೆ ಕಲಿಸಿದ್ದ ತರ್ಕವೂ ಅದೇ ಅಲ್ಲವೆ? ಪ್ರಾರ್ಥಿಸಿದವರಿಗೆ ರೋಗ ಬಾರದೆಂದ ಮೇಲೆ, ಬಂದವರು ಪ್ರಾರ್ಥಿಸಲಿಲ್ಲವೆಂದು ಹೇಳಿದ ಹಾಗೆಯೇ ಆಯಿತು.

ಆ ರಾತ್ರಿ ಮತ್ತಾಯನ ಸುವಾರ್ತೆಯನ್ನು ತೆರೆದೆ. ಸೈತಾನನು ಯೇಸುವನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ಧುಮುಕು, ದೇವದೂತರು ಹಿಡಿಯುತ್ತಾರೆ ಎಂದು ಪ್ರೇರಿಸುತ್ತಾನಷ್ಟೆ. ಆಗ ಅವನು ಆಧಾರ ಕೊಡುವುದು ಇದೇ ತೊಂಬತ್ತೊಂದನೆಯ ಕೀರ್ತನೆಯಿಂದ! ಚಿಕ್ಕಂದಿನಿಂದ ಎಷ್ಟು ಸಲ ಓದಿದ್ದೆನೋ, ಇದು ಹೊಳೆದಿರಲಿಲ್ಲ. ಕೀರ್ತನೆ ಸುಳ್ಳೆಂದು ಯೇಸು ಹೇಳಲಿಲ್ಲ. ಅದನ್ನು ಹಿಡಿದುಕೊಂಡು ದೇವರನ್ನು ಪರೀಕ್ಷಿಸಲು ಮಾತ್ರ ಒಪ್ಪಲಿಲ್ಲ. ಬರುವುದಿಲ್ಲವೆಂದು ನಾನು ಬರೆದುಕೊಟ್ಟ ಚೀಟಿಗೆ ದೇವರ ರುಜು ಇರಲಿಲ್ಲ.

ಇಂಥ ಹೊತ್ತಿನಲ್ಲಿ ಹಳಬರು ಏನು ಮಾಡಿದರೆಂದು ನೋಡುವುದು ನನ್ನ ಅಭ್ಯಾಸ. 1527ರ ಆಗಸ್ಟಿನಲ್ಲಿ ಜರ್ಮನಿಯ ವಿಟೆನ್‌ಬರ್ಗ್ ಪಟ್ಟಣಕ್ಕೆ ಪ್ಲೇಗು ಬಂತು. ವಿಶ್ವವಿದ್ಯಾನಿಲಯವನ್ನು ಯೇನಾ ಪಟ್ಟಣಕ್ಕೆ ಸಾಗಿಸಿದರು. ಅಲ್ಲಿ ಪಾಠ ಹೇಳುತ್ತಿದ್ದ ಮಾರ್ಟಿನ್ ಲೂಥರನಿಗೂ ಹೊರಡುವಂತೆ ದೊರೆಯ ಅಪ್ಪಣೆಯಾಯಿತು. ಅವನು ಹೊರಡಲಿಲ್ಲ. ಹೆಂಡತಿ ಕ್ಯಾಥರೀನ ತುಂಬು ಬಸುರಿ, ಮಗ ಹಾನ್ಸನಿಗೆ ಒಂದು ವರ್ಷ, ಮನೆಯೇ ಆಸ್ಪತ್ರೆಯಾಯಿತು. ಮಾರಕ ವ್ಯಾಧಿ ಬಂದಾಗ ಓಡಿಹೋಗಬಹುದೆ ಎಂದು ಬ್ರೆಸ್ಲೌ ಪಟ್ಟಣದ ಪಾದ್ರಿಗಳು ಕೇಳಿದ್ದ ಪ್ರಶ್ನೆಗೆ ಅವನು ಉತ್ತರ ಬರೆದದ್ದು ಆ ವರ್ಷವೇ. ಉಳಿದವನೇ ಬರೆದ ಉತ್ತರವಾದ್ದರಿಂದ, ಓಡಿದವರನ್ನೆಲ್ಲ ಬಯ್ದಿರಬೇಕೆಂದು ನಾನೆಣಿಸಿದ್ದೆ. ಹಾಗಿಲ್ಲ. ನಿಮ್ಮನ್ನು ನಂಬಿದವರು ಅನಾಥರಾಗದಿದ್ದರೆ ಧಾರಾಳವಾಗಿ ಹೋಗಿ ಎನ್ನುತ್ತಾನೆ. ಹೋಗಬಾರದವರು ಪಾದ್ರಿ, ಅಧಿಕಾರಿ ಮುಂತಾದ ಹೊಣೆ ಹೊತ್ತವರು. ತಂದೆತಾಯಿ ಮಕ್ಕಳನ್ನಾಗಲಿ ಮಕ್ಕಳು ತಂದೆತಾಯಿಯನ್ನಾಗಲಿ ಬಿಡಬಾರದು. ಔಷಧವನ್ನು ತಿರಸ್ಕರಿಸಿ, ಎಚ್ಚರಿಕೆಯನ್ನೆಲ್ಲ ಅಂಜುಬುರುಕತನವೆಂದು ಹಳಿಯುವವರ ಮೇಲೇ ಅವನ ಕೋಪ. ಅದು ನಂಬಿಕೆಯಲ್ಲ, ದೇವರನ್ನು ಕೆಣಕುವುದು ಎಂಬುದು ಅವನ ಅಭಿಪ್ರಾಯ.

ಲೂಥರನ ಮಾತುಗಳೆಲ್ಲ ನನಗೆ ಒಪ್ಪಿಗೆ ಎಂದಲ್ಲ. ಯೆಹೂದ್ಯರ ವಿಷಯದಲ್ಲಿ ಅವನು ಬರೆದದ್ದನ್ನು ಓದಿದರೆ ತಲೆ ತಗ್ಗಿಸಬೇಕಾಗುತ್ತದೆ. ಆದರೆ ಇಲ್ಲಿ ಅವನು ಯಾರಿಗೂ ಜೀವದ ಭರವಸೆ ಕೊಡಲಿಲ್ಲ. ಕೊಟ್ಟಿದ್ದರೆ ತನ್ನ ಮನೆಯಲ್ಲೇ ಸುಳ್ಳಾಗುತ್ತಿತ್ತು: ಆ ಡಿಸೆಂಬರಿನಲ್ಲಿ ಹುಟ್ಟಿದ ಮಗಳು ಎಲಿಸಬೆತ್ ಮರುವರ್ಷದ ಆಗಸ್ಟಿನಲ್ಲಿ ತೀರಿಕೊಂಡಳು. ಎಂಟು ತಿಂಗಳ ಕೂಸು.

ನನ್ನಂತೆ ಮಕ್ಕಳಿಗೆ ಮಾತು ಕೊಟ್ಟು ಸಿಕ್ಕಿಬಿದ್ದ ತಂದೆತಾಯಿಗಳು ನಮ್ಮ ಸಭೆಯಲ್ಲಿ ಇನ್ನೂ ಇದ್ದರು. ಒಬ್ಬರು, ಇನ್ನು ಮನೆಯಲ್ಲಿ ಪ್ರಾರ್ಥನೆಗೆ ಕೂರುವುದಕ್ಕೇ ನಾಚಿಕೆ ಎಂದರು. ಕೂರಿ, ನಾಚಿಕೊಂಡೇ ಕೂರಿ ಎಂದೆ. ನಾವು ತಪ್ಪಿದ್ದು ದೇವರನ್ನು ನಂಬಿದ್ದರಲ್ಲಿ ಅಲ್ಲ, ಅವನ ಪರವಾಗಿ ಜಾಮೀನು ನಿಂತದ್ದರಲ್ಲಿ. ಏನೇ ಬಂದರೂ ನಾವು ನಿನ್ನ ಜೊತೆಯಲ್ಲಿರುತ್ತೇವೆ, ದೇವರೂ ಇರುತ್ತಾನೆ: ಇಷ್ಟನ್ನು ಮಗುವಿಗೆ ಹೇಳಬಹುದು. ಮಾತು ಸಣ್ಣದು, ಒಪ್ಪುತ್ತೇನೆ. ಆದರೆ ಆಸ್ಪತ್ರೆಯಿಂದ ಕೆಟ್ಟ ಸುದ್ದಿ ಬಂದ ದಿನ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗುವುದಿಲ್ಲ.

ಮರುದಿನ ಮಗಳ ಮುಂದೆ ನನ್ನ ತಪ್ಪನ್ನು ಒಪ್ಪಿಕೊಂಡೆ. “ಹಾಗಾದರೆ ನಮಗೂ ಬರಬಹುದು,” ಎಂದಳು. “ಬರಬಹುದು,” ಎಂದೆ. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೇಷ್ಟ್ರ ಹೆಂಡತಿಗೆ ಊಟ ಯಾರು ಕೊಡುತ್ತಿದ್ದಾರೆ ಎಂದು ಕೇಳಿದಳು. ಆಕೆ ಮನೆಬಿಟ್ಟು ಹೊರಗೆ ಬರುವಂತಿರಲಿಲ್ಲ. ಯಾರು ಕೊಡುತ್ತಿದ್ದರೋ ನನಗೆ ಗೊತ್ತಿರಲಿಲ್ಲ, ಕೇಳಿಯೂ ಇರಲಿಲ್ಲ.

ಸಂಜೆ ಅವಳು ಅನ್ನ, ಸಾರು ತುಂಬಿದ ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಹೊರಟಳು. ಗೇಟಿನ ಬಳಿ ಇಟ್ಟು, ಕೂಗಿ ಹೇಳಿ ಬರುತ್ತೇನೆ ಎಂದಳು. ತಡೆಯಬೇಕೆಂದು ನಾಲಿಗೆಯ ತುದಿಗೆ ಬಂತು. “ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೋ,” ಎಂದಷ್ಟೇ ಹೇಳಿ, ಚಪ್ಪಲಿ ಮೆಟ್ಟಿಕೊಂಡು ನಾನೂ ಹೊರಟೆ.